ಮನೆಯ ಫೋಟೊ: ತೆಗೆದದ್ದು, ತೆಗೆದುಹಾಕಿದ್ದು

ಮನೆ ಮಾರುವವರಿಗೆ, ಬಾಡಿಗೆಗೆ ಕೊಡುವವರಿಗೆ, ಹೋಮ್‌ಸ್ಟೇ ನಡೆಸುವವರಿಗೆ ಫೋಟೊ ತೆಗೆದುಕೊಡುವ ನಮ್ಮಂಥವರ ಬಿಲ್ಲಿನಲ್ಲಿ ಮೊನ್ನೆ ಮೊನ್ನೆಯವರೆಗೂ ಎರಡೇ ಸಾಲು ಇರುತ್ತಿದ್ದವು: ಶೂಟಿಂಗ್ ಇಷ್ಟು, ಎಡಿಟಿಂಗ್ ಇಷ್ಟು. ಸಾಮಾನು ಸರಿಸಿದ್ದು, ಬಿಸಿಲು ಸರಿಯಲಿ ಎಂದು ಕಾದದ್ದು, ಚಿತ್ರದಲ್ಲಿ ಕಾಣುವುದು ಮನೆಯಲ್ಲೂ ಇದೆ ಎಂಬ ಮಾತಿಗೆ ನಿಂತದ್ದು, ಇವಕ್ಕೆಲ್ಲ ಬೇರೆಯಾಗಿ ದುಡ್ಡು ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ. ಎಐ ಬಂದ ಮೇಲೆ ಆ ಎರಡನೇ ಸಾಲು ಮುಕ್ಕಾಲು ಪಾಲು ಕರಗಿಹೋಗಿದೆ. ಬಿಲ್ಲಿನಲ್ಲಿ ಎಂದೂ ಬರೆಯದಿದ್ದ ಕೆಲಸವೇ ಈಗ ದಿನವನ್ನೆಲ್ಲ ತಿನ್ನುತ್ತಿದೆ.

ಹೇಗೆ ಎಂದು ತೋರಿಸಲು ಒಂದು ಕೆಲಸವನ್ನು ಬಾಗಿಲು ತಟ್ಟುವಲ್ಲಿಂದ ಫೈಲು ಕಳಿಸುವವರೆಗೆ ಬಿಡಿಸಿಡುತ್ತೇವೆ. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಸಿಗುವಂಥ ಮನೆ: ಮೂರನೇ ಮಹಡಿ, ಮೂರು ಬೆಡ್‌ರೂಮು, ಸುಮಾರು 1,500 ಚದರಡಿ, ಹಾಲ್‌ಗೆ ಅಂಟಿಕೊಂಡು ಪೂರ್ವಕ್ಕೊಂದು ಬಾಲ್ಕನಿ, ಅಡುಗೆಮನೆಯ ಹಿಂದೆ ಯುಟಿಲಿಟಿ. ಮನೆಯವರು ಅರ್ಧ ಸಾಮಾನು ಸಾಗಿಸಿಯಾಗಿದೆ. ಹಾಲ್, ಅಡುಗೆಮನೆ ತುಂಬಿವೆ, ಎರಡು ಬೆಡ್‌ರೂಮು ಖಾಲಿ. ಕೊನೆಗೆ ಕೊಡಬೇಕಾದದ್ದು 30 ಫೋಟೊ.

ಎಲ್ಲರೂ ಕೇಳುವ ಪ್ರಶ್ನೆ ಮೊದಲು: ಫೋನಿನಲ್ಲಿ ಒಂದೊಂದು ಫೋಟೊ ಹೊಡೆದು ಎಐಗೆ ಕೊಟ್ಟರೆ ಅದೇ ಸರಿಮಾಡುತ್ತದಲ್ಲ, ಇಷ್ಟೆಲ್ಲ ಯಾಕೆ? ಸರಿಮಾಡುತ್ತದೆ, ನಿಜ. ಆದರೆ ಬಿಸಿಲಿನ ಹೊತ್ತಿನಲ್ಲಿ ಹಾಲ್‌ನ ಒಳಗೊಂದು ಫೋಟೊ ತೆಗೆದರೆ ಕಿಟಕಿ ಬೆಳ್ಳಗೆ ಸುಟ್ಟುಹೋಗಿರುತ್ತದೆ. ಆ ಬಿಳಿಯಲ್ಲಿ ಮಾಹಿತಿಯೇ ಇಲ್ಲ. ಯಂತ್ರ ಅಲ್ಲೊಂದು ಮರ, ಒಂದಿಷ್ಟು ಆಕಾಶ ತುಂಬುತ್ತದೆ. ನಿಜವಾಗಿ ಅಲ್ಲಿರುವುದು ಪಕ್ಕದ ಕಟ್ಟಡದ ನೀರಿನ ಟ್ಯಾಂಕು. ಈ ಕಸುಬಿನಲ್ಲಿ ಎಐ ಬಗ್ಗೆ ಕಲಿತ ಪಾಠ ಒಂದೇ ಸಾಲಿನದು: ಯಂತ್ರಕ್ಕೆ ಆರಿಸುವ ಕೆಲಸ ಕೊಡಬೇಕು, ಊಹಿಸುವ ಕೆಲಸ ಕೊಡಬಾರದು. ಆರಿಸಲು ಬೇಕಾದದ್ದನ್ನೆಲ್ಲ ಸ್ಥಳದಲ್ಲೇ ಕ್ಯಾಮೆರಾದಲ್ಲಿ ಹಿಡಿದಿರಬೇಕು. ಹಾಗಾಗಿ ಎಐ ಬಂದ ಮೇಲೆ ಶೂಟಿಂಗ್ ಹೊತ್ತು ಕಡಿಮೆಯಾಗಿಲ್ಲ, ಅರ್ಧ ಗಂಟೆ ಹೆಚ್ಚಿದೆ.

ಒಳಗೆ ಕಾಲಿಟ್ಟ ಮೇಲೆ ಮೊದಲ 30–40 ನಿಮಿಷ ಕ್ಯಾಮೆರಾ ಚೀಲದಿಂದ ಹೊರಗೆ ಬರುವುದಿಲ್ಲ. ಫ್ಯಾನುಗಳನ್ನೆಲ್ಲ ಆರಿಸಬೇಕು. ಒಂದೊಂದು ಕೋನಕ್ಕೂ ಬೆಳಕು ಹೆಚ್ಚುಕಡಿಮೆ ಮಾಡಿ ಐದು ಫ್ರೇಮು ತೆಗೆದು ಆಮೇಲೆ ಒಂದಾಗಿ ಕೂಡಿಸುತ್ತೇವೆ. ತಿರುಗುವ ಫ್ಯಾನು ಐದು ಫ್ರೇಮಿನಲ್ಲಿ ಐದು ಕಡೆ ಇರುತ್ತದೆ, ಕೂಡಿಸುವಾಗ ಎಐ ಅದಕ್ಕೆ ಏಳೆಂಟು ರೆಕ್ಕೆ ಅಂಟಿಸುತ್ತದೆ. ಕಿಟಕಿಯ ಸೊಳ್ಳೆ ಜಾಲರಿಯನ್ನು ಒಂದು ಬದಿಗೆ ಸರಿಸಬೇಕು. ಜಾಲರಿ ಇದ್ದರೆ ಹೊರನೋಟದ ಮೇಲೆ ಅಲೆ ಅಲೆಯಾದ ಬಣ್ಣದ ಗೆರೆ ಬರುತ್ತದೆ, ಯಂತ್ರ ಅದನ್ನು ಒರೆಸಲು ಹೋಗಿ ಹೊರಗಿನ ಮರವನ್ನೂ ಒರೆಸುತ್ತದೆ. ಗೋಡೆಯ ಮೇಲಿನ ಮನೆಮಂದಿಯ ಫೋಟೊ, ಫ್ರಿಜ್ ಮೇಲಿನ ಶಾಲೆಯ ಚೀಟಿ, ಕೊರಿಯರ್ ಕವರಿನ ಮೇಲಿನ ವಿಳಾಸ, ಎಲ್ಲವೂ ಒಳಕ್ಕೆ. ಮೊದಲು ಇದು ಅಂದಕ್ಕಾಗಿ ಇತ್ತು. ಈಗ ಇನ್ನೊಂದು ಕಾರಣವೂ ಇದೆ: ಈ ಫೈಲುಗಳು ಯಾವುದೋ ದೇಶದ ಸರ್ವರಿಗೆ ಹೋಗುತ್ತವೆ. ಆ ಸೇವೆಯ ಷರತ್ತಿನಲ್ಲಿ ‘ಕಳಿಸಿದ ಚಿತ್ರವನ್ನು ಎಐ ಮಾದರಿಗೆ ತರಬೇತಿ ಕೊಡಲು ಬಳಸುತ್ತೇವೆ’ ಎಂಬ ಸಾಲು ಇದೆಯೇ ಎಂದು ನೋಡಿಕೊಳ್ಳಬೇಕು, ಅದು ಬೇಡ ಎನ್ನುವ ಗುಂಡಿ ಇದ್ದರೆ ಒತ್ತಬೇಕು.

ದೀಪಗಳ ವಿಷಯದಲ್ಲಿ ಹಟ ಹಿಡಿಯಲೇಬೇಕು. ನಮ್ಮ ಮನೆಗಳಲ್ಲಿ ಫಾಲ್ಸ್ ಸೀಲಿಂಗಿನೊಳಗೆ 3,000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಪಟ್ಟಿ, ಗೋಡೆಗೆ 6,500 ಕೆಲ್ವಿನ್‌ನ ಎಲ್‌ಇಡಿ ಟ್ಯೂಬು, ಕಿಟಕಿಯಿಂದ 5,500ರ ಆಸುಪಾಸಿನ ಹಗಲ ಬೆಳಕು ಒಟ್ಟಿಗೇ ಇರುತ್ತವೆ. ಮನೆಯವರು ಫೋಟೊ ಎಂದೊಡನೆ ಎಲ್ಲ ಸ್ವಿಚ್ಚನ್ನೂ ಹಾಕುತ್ತಾರೆ. ಮೂರು ಬಣ್ಣದ ಬೆಳಕು ಒಂದೇ ಗೋಡೆಗೆ ಬಿದ್ದರೆ ಎಐ ಎಲ್ಲವನ್ನೂ ಬಿಳಿಯ ಕಡೆಗೆ ಎಳೆಯುತ್ತದೆ, ಕೆನೆ ಬಣ್ಣದ ಗೋಡೆ ಆಸ್ಪತ್ರೆಯ ಗೋಡೆಯಾಗುತ್ತದೆ. ಹಗಲಿನ ಫ್ರೇಮುಗಳಿಗೆ ದೀಪ ಆರಿಸುವುದೇ ಸರಿ. ಇನ್ನೊಂದು ಕಾರಣ: ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100 ಸೆಕೆಂಡಿಗಿಂತ ಚುರುಕಾದ ಫ್ರೇಮಿನಲ್ಲಿ ಅಡ್ಡಪಟ್ಟಿಗಳು ಬೀಳುತ್ತವೆ, ಕೂಡಿಸಿದ ಚಿತ್ರದಲ್ಲಿ ಅವು ಗೋಡೆಯ ಸುಣ್ಣವೇ ಹಾಗಿದೆಯೇನೋ ಎಂಬಂತೆ ಉಳಿಯುತ್ತವೆ.

ಇನ್ನು ಕ್ಯಾಮೆರಾ. ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಬಾಡಿ, 16–35 ಮಿಮೀ ಲೆನ್ಸು, ಗಟ್ಟಿ ಟ್ರೈಪಾಡು. 16ಕ್ಕೆ ಅಗಲಿಸುವುದು ಬಾತ್‌ರೂಮಿನಂಥ ಇಕ್ಕಟ್ಟಿಗೆ ಮಾತ್ರ. ಹಾಲ್, ಬೆಡ್‌ರೂಮು 20ರಿಂದ 24ರೊಳಗೆ ಮುಗಿಯಬೇಕು. ಎತ್ತರ ಸುಮಾರು ನಾಲ್ಕು ಅಡಿ. ಅಡುಗೆಮನೆಯಲ್ಲಿ ಕಟ್ಟೆ ಎರಡೂಮುಕ್ಕಾಲು ಅಡಿಯ ಸುತ್ತ ಇರುವುದರಿಂದ ಅದರ ಮೇಲ್ಮೈ ತುಸು ಕಾಣುವಷ್ಟು ಮೇಲೆ. ಕ್ಯಾಮೆರಾ ಮಟ್ಟವಾಗಿರಬೇಕು, ಬಾಗಿಸಬಾರದು. ‘ಗೋಡೆಯ ಗೆರೆ ನೆಟ್ಟಗೆ ಮಾಡುವುದು ಎಐ ಕೆಲಸ’ ಎಂದು ಉಡಾಫೆ ಮಾಡಿದರೆ ಅದು ನೆಟ್ಟಗೆ ಮಾಡುತ್ತದೆ, ಜೊತೆಗೆ ಅಂಚು ಕತ್ತರಿಸಿ ಉಳಿದದ್ದನ್ನು ಹಿಗ್ಗಿಸುತ್ತದೆ. ಅಲ್ಲಿಗೆ ಕೋಣೆಯ ಅಳತೆ ಕೆಟ್ಟಿತು.

ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸ್ಪಂದನೆ, 100; ಲೆನ್ಸಿನ ಕಿಂಡಿ ಎಫ್ 8. ಒಳಗಿನ ಕತ್ತಲೆ ಮೂಲೆಗೆ ಒಂದು ಸೆಕೆಂಡು ಬೇಕಾದರೆ ಹೊರಗಿನ ಬಿಸಿಲಿಗೆ 1/250 ಬೇಕು, ನಡುವೆ ಎಂಟು ಸ್ಟಾಪಿನ ಅಂತರ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಎರಡೆರಡು ಸ್ಟಾಪಿನ ಹೆಜ್ಜೆಯಲ್ಲಿ ಐದು ಫ್ರೇಮು ತೆಗೆದರೆ ಸರಿಹೋಗುತ್ತದೆ: 1 ಸೆಕೆಂಡು, 1/4, 1/15, 1/60, 1/250. ಅತಿ ಕಪ್ಪು ಫ್ರೇಮಿನಲ್ಲಿ ಹೊರಗಿನ ಆಕಾಶ ಸುಡದೆ ಉಳಿದಿದೆಯೇ ಎಂದು ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನೋಡಿಯೇ ಮುಂದಿನ ಕೋಣೆಗೆ ಹೋಗಬೇಕು. ಪೂರ್ವದ ಬಾಲ್ಕನಿ ಇರುವ ಹಾಲ್ ಬೆಳಿಗ್ಗೆ ಮೊದಲು ತೆಗೆಯುವುದಲ್ಲ. ಎಂಟೂವರೆಯ ಬಿಸಿಲು ನೆಲದ ಮೇಲೆ ಸೀಳಿ ಬಿದ್ದಿರುತ್ತದೆ, ಅದು ಎಂಟು ಸ್ಟಾಪಿಗೂ ಬಗ್ಗುವುದಿಲ್ಲ. ಪಶ್ಚಿಮದ ಬೆಡ್‌ರೂಮು, ಅಡುಗೆಮನೆ ಮೊದಲು ಮುಗಿಸಿ, ಹನ್ನೊಂದರ ಮೇಲೆ ಹಾಲ್‌ಗೆ ಬರುವುದು.

ಕಿಟಕಿ ಇರುವ ಪ್ರತಿ ಕೋನಕ್ಕೂ ಆರನೆಯದೊಂದು ಫ್ರೇಮು: ಹೊರಗಿನ ಬೆಳಕಿಗೆ ಹೊಂದಿಸಿ, ಕಿಟಕಿಯ ಗೋಡೆಗೆ ನೇರ ಫ್ಲ್ಯಾಶ್ ಹೊಡೆದು. ಫ್ಲ್ಯಾಶ್ ಇರುವಾಗ ಶಟರ್ 1/160 ದಾಟಿಸುವುದಿಲ್ಲ, ಹೊರಗೆ ಬೆಳಕು ಹೆಚ್ಚಿದ್ದರೆ ಎಫ್ 11ಕ್ಕೆ ಹೋಗುತ್ತೇವೆ. ಇದು ಯಾಕೆಂದು ಮುಂದೆ ಬರುತ್ತದೆ. ಇದಲ್ಲದೆ ಪ್ರತಿ ಕೋಣೆಗೆ ಬಾಗಿಲಲ್ಲಿ ನಿಂತು ಒಂದು ಸಾದಾ ಫೋಟೊ, ಲೇಸರ್ ಮೀಟರಿನಲ್ಲಿ ಉದ್ದ ಅಗಲ, ಗೋಡೆಯಲ್ಲಿ ಬಿರುಕು ತೇವ ಕಂಡರೆ ಅದರ ಹತ್ತಿರದ ಚಿತ್ರ. ಇವು ಯಾರಿಗೂ ಕೊಡುವವಲ್ಲ. ನಾವು ಇವನ್ನು ಸಾಕ್ಷಿ ಫ್ರೇಮು ಎನ್ನುತ್ತೇವೆ. ಹಿಂದೆ ಇಂಥದೊಂದನ್ನು ತೆಗೆಯುವ ಯೋಚನೆಯೇ ಬಂದಿರಲಿಲ್ಲ. ಕ್ಯಾಮೆರಾ ಹಿಡಿದಿಟ್ಟ ಕಚ್ಚಾ ಚಿತ್ರ, ಅಂದರೆ ರಾ ಫೈಲೇ ಸಾಕ್ಷಿಯಾಗಿತ್ತು, ಅದನ್ನು ಕೇಳುವವರೂ ಇರಲಿಲ್ಲ.

ಸಂಜೆ ಕಂಪ್ಯೂಟರಿನ ಮುಂದೆ. 30 ಕೋನ, ಫ್ಲ್ಯಾಶಿನದು ಬಿಟ್ಟು ಐದೈದು ಫ್ರೇಮು, ಒಟ್ಟು 150 ರಾ ಫೈಲು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಇದು ನಾಲ್ಕು ಜಿಬಿಗೆ ಸ್ವಲ್ಪ ಮೇಲೆ, 50 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಹನ್ನೆರಡು ನಿಮಿಷದ ಮಾತು. ಕೈಯಲ್ಲಿ ಮಾಡುವಾಗ ಫ್ರೇಮುಗಳನ್ನು ಪದರ ಪದರವಾಗಿ ಇಟ್ಟು ಯಾವ ಪದರದ ಎಷ್ಟು ಭಾಗ ಕಾಣಬೇಕೆಂದು ಗುರುತಿಸುವ ಮಾಸ್ಕ್ ಬಳಿದು ಒಂದು ಚಿತ್ರ ಮುಗಿಸಲು 10ರಿಂದ 20 ನಿಮಿಷ. ಅಂದರೆ ಒಂದು ಮನೆಗೆ ಐದರಿಂದ ಹತ್ತು ಗಂಟೆ, ಒಂದಿಡೀ ರಾತ್ರಿ. ಈಗಿನ ಎಐ ಸೇವೆಗಳು ಸಮಯ ನೋಡಿ ತಾವೇ ಫ್ರೇಮುಗಳನ್ನು ಗುಂಪು ಮಾಡುತ್ತವೆ, ಜೋಡಿಸುತ್ತವೆ, ಕಿಟಕಿ ಕೂರಿಸುತ್ತವೆ, ಗೆರೆ ನೆಟ್ಟಗಾಗಿಸುತ್ತವೆ, ಬಣ್ಣ ತಿದ್ದುತ್ತವೆ. ಕಾಫಿ ಕುಡಿದು ಬರುವಷ್ಟರಲ್ಲಿ 30 ಚಿತ್ರ ತಯಾರು. ಅವುಗಳಲ್ಲಿ ಇಪ್ಪತ್ತು ಚಿತ್ರ ನಾವು ರಾತ್ರಿಯಿಡೀ ಕೂತು ಮಾಡುತ್ತಿದ್ದುದಕ್ಕಿಂತ ಚೆನ್ನಾಗಿರುತ್ತವೆ. ಇದನ್ನು ಒಪ್ಪದೆ ಬೇರೆ ಏನನ್ನು ಹೇಳಿದರೂ ಅದು ಹೊಟ್ಟೆಕಿಚ್ಚಿನ ಮಾತಾದೀತು.

ತೊಂದರೆ ಉಳಿದ ಹತ್ತರಲ್ಲಿದೆ. ಅದಕ್ಕಿಂತ ದೊಡ್ಡ ತೊಂದರೆ, ಯಾವ ಹತ್ತು ಎಂದು ಎಐ ಹೇಳುವುದಿಲ್ಲ.

ಮೊದಲ ಬಲಿ ಕಿಟಕಿಯ ಸರಳು. ಅಮೆರಿಕದಂಥ ಕಡೆ ಮನೆಗಳ ಕಿಟಕಿಗೆ ಸಾಮಾನ್ಯವಾಗಿ ಸರಳಿಲ್ಲ, ನಮ್ಮಲ್ಲಿ ಸರಳಿಲ್ಲದ ಕಿಟಕಿ ಅಪರೂಪ. ಕಿಟಕಿಯ ಭಾಗವನ್ನು ಗುರುತಿಸುವ ಮಾಸ್ಕನ್ನು ಯಂತ್ರ ಚಿಕ್ಕ ಅಳತೆಯಲ್ಲಿ ಲೆಕ್ಕಹಾಕಿ ಆಮೇಲೆ ಹಿಗ್ಗಿಸಿದಾಗ ಅರ್ಧ ಇಂಚಿನ ಸರಳು ಅದರ ಕಣ್ಣಿಗೆ ಬೀಳುವುದಿಲ್ಲ. ಹತ್ತು ಸರಳಿನಲ್ಲಿ ಏಳು ಉಳಿಯುತ್ತವೆ, ಅವುಗಳಲ್ಲಿ ಎರಡು ಅರ್ಧಕ್ಕೇ ನಿಲ್ಲುತ್ತವೆ, ಉಳಿದವಕ್ಕೆ ಬಿಳಿ ಪ್ರಭಾವಳಿ. ಚಿಕ್ಕ ಮಕ್ಕಳಿರುವ ಮನೆಯವರು ಫೋಟೊ ನೋಡುವಾಗ ಮೊದಲು ಹುಡುಕುವುದೇ ಬಾಲ್ಕನಿಗೆ, ಕಿಟಕಿಗೆ ಗ್ರಿಲ್ಲು ಇದೆಯೇ ಎಂದು. ಆ ಆರನೇ ಫ್ಲ್ಯಾಶ್ ಫ್ರೇಮು ಬೇಕಾಗುವುದು ಇಲ್ಲಿ. ಎಐ ಕೊಟ್ಟ ಚಿತ್ರದ ಮೇಲೆ ಅದನ್ನು ಇಟ್ಟು, ಬ್ಲೆಂಡಿಂಗ್ ‘ಡಾರ್ಕನ್’ ಮಾಡಿ (ಎರಡು ಪದರದಲ್ಲಿ ಗಾಢವಾದದ್ದೇ ಉಳಿಯುತ್ತದೆ), ಕಿಟಕಿಯ ಚೌಕಟ್ಟಿನಷ್ಟೇ ಮಾಸ್ಕ್ ಬಳಿದರೆ ಸರಳು, ಹೊರನೋಟ ಎರಡೂ ಇದ್ದದ್ದು ಇದ್ದಹಾಗೆ ಕೂರುತ್ತವೆ. ಮೂರು ನಿಮಿಷದ ಕೆಲಸ.

ನೆಲ ಇನ್ನೊಂದು ಕಡೆ ಕೈಕೊಡುತ್ತದೆ. ಹೊಳಪಿನ ವಿಟ್ರಿಫೈಡ್ ಟೈಲಿನಲ್ಲಿ ಕಿಟಕಿಯ ಪ್ರತಿಬಿಂಬ ಇರುತ್ತದೆ. ಅದನ್ನು ದೋಷವೆಂದು ತಿಳಿದು ಯಂತ್ರ ಒರೆಸುತ್ತದೆ, ಜೊತೆಗೆ ಟೈಲುಗಳ ನಡುವಿನ ಸಂದಿನ ಗೆರೆಯೂ ಹೋಗಿ ನೆಲ ಒಂದೇ ಹಾಸಿನ ಹಾಗೆ ಕಾಣುತ್ತದೆ. ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳ ರೆಡ್ ಆಕ್ಸೈಡ್ ನೆಲದ್ದು ಬೇರೆಯೇ ಗೋಳು. ನೆಲದ ಕೆಂಪು ಗೋಡೆಗೂ ಚಾವಣಿಗೂ ಹಾರಿರುತ್ತದೆ. ಎಐ ಅದನ್ನು ಬಣ್ಣದ ದೋಷವೆಂದು ತಿದ್ದಿದರೆ ಗೋಡೆ ನೀಲಿಹಸಿರು, ನೆಲ ಕಿತ್ತಳೆ. ಇಂಥ ಮನೆಯಲ್ಲಿ ಪ್ರತಿ ಕೋಣೆಗೂ ಬಣ್ಣ ಹೊಂದಿಸಲು ಬಳಸುವ ಬೂದು ಹಲಗೆ, ಗ್ರೇ ಕಾರ್ಡ್ ಹಿಡಿದು ಒಂದು ಫ್ರೇಮು ತೆಗೆದು, ಬಣ್ಣವನ್ನು ಕೈಯಾರೆ ಕಟ್ಟಿಹಾಕಿ, ಆಮೇಲಷ್ಟೇ ಕೂಡಿಸಲು ಕಳಿಸಬೇಕು. ಕರಾವಳಿಯ, ಮಲೆನಾಡಿನ ಹೋಮ್‌ಸ್ಟೇಗಳಲ್ಲಿ ಮಂಗಳೂರು ಹೆಂಚಿನ ಮಾಡು, ಮುರಕಲ್ಲಿನ ಗೋಡೆ ಇರುತ್ತವೆ. ಚಿತ್ರ ದೊಡ್ಡದು ಮಾಡುವ ಎಐ ಉಪಕರಣಗಳು ಮುರಕಲ್ಲಿನ ತೂತುಗಳನ್ನು ಗದ್ದಲವೆಂದು (ಕತ್ತಲಲ್ಲಿ ತೆಗೆದ ಚಿತ್ರದ ಕಾಳುಕಾಳು) ತಿಳಿದು ನುಣ್ಣಗೆ ಮಾಡುತ್ತವೆ, ಹೆಂಚಿನ ಮೇಲಿನ ಪಾಚಿಯನ್ನು ತೊಳೆದುಹಾಕುತ್ತವೆ. ಹಳೆ ಮನೆಯ ಅಂದವೇ ಅದಾಗಿತ್ತು.

ಇವೆಲ್ಲ ಕಣ್ಣಿಗೆ ಹೊಡೆಯುವ ತಪ್ಪುಗಳು, ಪರವಾಗಿಲ್ಲ. ಹೆದರಬೇಕಾದ ತಪ್ಪು ಅಂದವಾಗಿ ಕಾಣುವಂಥದು. ಬಾತ್‌ರೂಮಿನ ಹಿಂದಿನ ಗೋಡೆಯಲ್ಲಿ ನೀರು ಇಂಗಿ ಎದ್ದ ಉಪ್ಪಿನ ಕಲೆ, ಚಾವಣಿಯ ಮೂಲೆಯ ತೇವದ ಹಳದಿ ಗುರುತು, ಕಿಟಕಿಯ ಕೆಳಗಿನ ಕೂದಲೆಳೆಯ ಬಿರುಕು. ಎಐ ಕಲಿತ ‘ಒಳ್ಳೆಯ ಮನೆಯ ಫೋಟೊ’ಗಳಲ್ಲಿ ಗೋಡೆ ಒಂದೇ ಸಮ ಇರುತ್ತದೆ, ಹಾಗಾಗಿ ನೆರಳನ್ನು ಎತ್ತುವಾಗ, ಗದ್ದಲ ಕಳೆಯುವಾಗ ಕಲೆಯೂ ತಿಳಿಯಾಗಿಬಿಡುತ್ತದೆ. ಯಾರೂ ತೆಗೆ ಎಂದಿಲ್ಲ, ಯಾರಿಗೂ ತೆಗೆದದ್ದು ಗೊತ್ತಿಲ್ಲ. ಕೊಂಡವರು ಬಂದು ನೋಡಿದಾಗ ಬೈಸಿಕೊಳ್ಳುವುದು ಫೋಟೊ ತೆಗೆದವರು. ಅದಕ್ಕೇ ಪ್ರತಿ ಚಿತ್ರದ ಪಕ್ಕ ಮಧ್ಯದ ರಾ ಫ್ರೇಮನ್ನು ಇಟ್ಟು, ನೂರಕ್ಕೆ ನೂರು ಹಿಗ್ಗಿಸಿ, ನಾಲ್ಕು ಜಾಗ ನೋಡುತ್ತೇವೆ: ಚಾವಣಿಯ ಮೂಲೆಗಳು, ಬಾತ್‌ರೂಮಿಗೆ ತಾಗಿದ ಗೋಡೆ, ಕಿಟಕಿಯ ಕೆಳಭಾಗ, ನೆಲಕ್ಕೆ ತಾಗುವ ಸ್ಕರ್ಟಿಂಗು. ಕಲೆ ಮಾಯವಾಗಿದ್ದರೆ ಆ ಭಾಗಕ್ಕೆ ರಾ ಫ್ರೇಮನ್ನೇ ಮರಳಿ ತರುವುದು. 30 ಚಿತ್ರಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ಇದೇ ಈಗಿನ ಎಡಿಟಿಂಗು.

ಇಲ್ಲಿಯವರೆಗಿನದು ಬೆಳಕು ಬಣ್ಣದ ಎಐ. ಚಿತ್ರದಲ್ಲಿ ಇಲ್ಲದ್ದನ್ನು ಬರೆಯುವ, ಇದ್ದದ್ದನ್ನು ಅಳಿಸುವ ಎಐ ಬೇರೆ ಜಾತಿ. ಅದರಲ್ಲೂ ಎರಡು ಬಗೆ. ಫೋಟೊಶಾಪಿಗೆ 2023ರಲ್ಲಿ ಬಂದ ಜನರೇಟಿವ್ ಫಿಲ್‌ನಂಥವು ನಾವು ಗುರುತುಹಾಕಿದ ಜಾಗವನ್ನಷ್ಟೇ ಮುಟ್ಟುತ್ತವೆ. ಆರಂಭದಲ್ಲಿ ಅದು ಬರೆಯುತ್ತಿದ್ದ ತುಂಡಿನ ಗರಿಷ್ಠ ಅಳತೆ 1,024 ಪಿಕ್ಸೆಲ್. 6,000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ದೊಡ್ಡ ಸೋಫಾ ಅಳಿಸಿದರೆ ಆ ಜಾಗ ಮಾತ್ರ ಮಸುಕು. ತುಂಡು ತುಂಡಾಗಿ ಅಳಿಸಿದರೆ ಸರಿಯಾಗುತ್ತಿತ್ತು. ಎರಡನೇ ಬಗೆ, ‘ಈ ಹಾಲ್ ಸ್ವಚ್ಛ ಮಾಡು’ ಎಂದು ಮಾತಿನಲ್ಲಿ ಹೇಳಿದರೆ ಮಾಡುವಂಥದು. ಈ ಬಗೆಯ ಮಾದರಿಗಳು ಇಡೀ ಚಿತ್ರವನ್ನು ಕುಗ್ಗಿಸಿ ತಮ್ಮ ಒಳಭಾಷೆಗೆ ಇಳಿಸಿಕೊಂಡು ಪೂರ್ತಿ ಹೊಸದಾಗಿ ಬರೆಯುತ್ತವೆ. ನೆಲದ ಮೇಲಿನ ಬಕೆಟ್ ತೆಗೆ ಎಂದದ್ದಕ್ಕೆ ಬಕೆಟ್ ಹೋಗುತ್ತದೆ, ಜೊತೆಗೆ ಎಂಟು ಗುಂಡಿಯ ಸ್ವಿಚ್‌ಬೋರ್ಡು ಆರು ಗುಂಡಿಯದಾಗುತ್ತದೆ, ಎಸಿಯ ಮೇಲಿನ ಅಕ್ಷರ ಯಾವ ಲಿಪಿಯೂ ಅಲ್ಲದ್ದಾಗುತ್ತದೆ. ದೇವರ ಮನೆಯ ಫೋಟೊವನ್ನಂತೂ ಇದರ ಕೈಗೆ ಕೊಡಲೇಬಾರದು. ಪಟದಲ್ಲಿದ್ದ ವೆಂಕಟರಮಣನಿಗೆ ಬೇರೆ ಮುಖ ಬರುತ್ತದೆ, ನಂದಾದೀಪದ ಜಾಗದಲ್ಲಿ ಮೇಣದಬತ್ತಿ. ಹೊಸ್ತಿಲ ರಂಗೋಲಿ ನೆಲದ ಕಲೆಯೆಂದು ಲೆಕ್ಕ.

ಏನೇನು ಬದಲಾಯಿತು ಎಂದು ತಿಳಿಯಲು ಕಣ್ಣು ಸಾಲದು, ಉಪಾಯ ಇದೆ. ಮೂಲ ಚಿತ್ರವನ್ನೂ ತಿದ್ದಿದ್ದನ್ನೂ ಒಂದರ ಮೇಲೊಂದು ಇಟ್ಟು, ಅಳತೆ ಹೊಂದಿಸಿ, ಮೇಲಿನ ಪದರಕ್ಕೆ ‘ಡಿಫರೆನ್ಸ್’ ಕೊಡಿ. ಬದಲಾಗದ ಜಾಗ ಕಪ್ಪಗೆ, ಬದಲಾದದ್ದು ಬೆಳಗುತ್ತದೆ. ಬಕೆಟ್ ಇದ್ದಲ್ಲಿ ಮಾತ್ರ ಬೆಳಕಿದ್ದರೆ ಕ್ಷೇಮ. ಇಡೀ ಚಿತ್ರ ಮಿಣಮಿಣ ಎಂದರೆ ಅದು ನಿಮ್ಮ ಫೋಟೊ ಅಲ್ಲ, ನಿಮ್ಮ ಫೋಟೊ ನೋಡಿ ಬರೆದ ಚಿತ್ರ. ಆಗ ಬಕೆಟ್ ಇದ್ದ ಜಾಗವನ್ನಷ್ಟೇ ಅದರಿಂದ ಕತ್ತರಿಸಿ ಮೂಲಕ್ಕೆ ಅಂಟಿಸಿಕೊಂಡು ಉಳಿದದ್ದನ್ನು ಎಸೆಯುವುದು. ಸುಲಭದ ದಾರಿ ಇನ್ನೊಂದಿದೆ, ಬಕೆಟನ್ನು ಶೂಟಿಂಗಿಗೆ ಮುಂಚೆ ಕೈಯಲ್ಲಿ ಎತ್ತಿ ಯುಟಿಲಿಟಿಗೆ ಇಡುವುದು.

ಖಾಲಿ ಬೆಡ್‌ರೂಮಿಗೆ ಬರೋಣ. ಪೀಠೋಪಕರಣವನ್ನು ಚಿತ್ರದಲ್ಲಿ ಕೂರಿಸಿಕೊಡಿ ಎಂಬ ಬೇಡಿಕೆ ಈಗ ಪ್ರತಿ ಕೆಲಸದಲ್ಲೂ ಇದೆ. ಹಿಂದೆ ಇದಕ್ಕೆ ಮೂರು ಆಯಾಮದ ತಂತ್ರಾಂಶ ಗೊತ್ತಿರುವವರು ಬೇಕಿತ್ತು, ಒಂದು ಕೋಣೆಗೆ ಅರ್ಧ ದಿನ. ಎಐಗೆ ಅರ್ಧ ನಿಮಿಷ. ಆದರೆ ಅದಕ್ಕೆ ಅಡಿ ಅಂಗುಲ ಗೊತ್ತಿಲ್ಲ. 10 ಅಡಿ 11 ಅಡಿಯ ಕೋಣೆಯಲ್ಲಿ ಅದು ಕಿಂಗ್ ಸೈಜಿನ ಮಂಚ, ಎರಡೂ ಬದಿಗೆ ಮೇಜು, ಮೂಲೆಗೊಂದು ಆರಾಮಕುರ್ಚಿ ಇಟ್ಟು, ಇನ್ನೂ ಓಡಾಡಲು ಜಾಗ ಬಿಡುತ್ತದೆ. ಹೇಗೆ? ಮಂಚವನ್ನು ಕುಗ್ಗಿಸಿರುತ್ತದೆ. ಇದನ್ನು ಹಿಡಿಯಲು ಟೈಲನ್ನೇ ಅಳತೆಗೋಲು ಮಾಡಿಕೊಳ್ಳಬೇಕು. ಸಾಮಾನ್ಯ ವಿಟ್ರಿಫೈಡ್ ಟೈಲು 600 ಮಿಮೀ, ಅಂದರೆ ಎರಡಡಿ. ಆರು ಅಡಿ ಅಗಲ, ಆರೂವರೆ ಅಡಿ ಉದ್ದದ ಮಂಚ ಮೂರು ಟೈಲು ಅಗಲ, ಮೂರೂಕಾಲು ಟೈಲು ಉದ್ದ ಹಿಡಿಯಬೇಕು. ವಾರ್ಡ್‌ರೋಬಿನ ಆಳ ಒಂದು ಟೈಲು. ಐದಡಿ ಮೂರಡಿಯ ಊಟದ ಮೇಜು ಎರಡೂವರೆ ಟೈಲು, ಒಂದೂವರೆ ಟೈಲು. ಎಐ ಕೊಟ್ಟ ಮಂಚದ ಕೆಳಗೆ ಅಗಲಕ್ಕೆ ಎರಡೇ ಟೈಲು ಎಣಿಸಿದರೆ ಅದು ನಾಲ್ಕಡಿಯ ಮಂಚ, ಇಬ್ಬರು ಮಲಗುವಂಥದಲ್ಲ. ಮರದ ನೆಲವಾದರೆ ಬಾಗಿಲು ನೋಡಿ, ಅದರ ಎತ್ತರ ಸಾಮಾನ್ಯವಾಗಿ ಏಳಡಿ.

ಅಳತೆಯ ಆಚೆಗೆ ಇನ್ನೂ ಮೂರು ಪರೀಕ್ಷೆ ಇವೆ. ಮಂಚವೋ ಮೇಜೋ ಬಾತ್‌ರೂಮಿನ ಬಾಗಿಲನ್ನು, ಬಾಲ್ಕನಿಯ ಸ್ಲೈಡಿಂಗನ್ನು ಮುಚ್ಚಿದೆಯೇ? ಗೋಡೆಯಿಂದ ಹೊರಬಂದ ಪಿಲ್ಲರು, ಮೇಲಿನ ಬೀಮು, ಸಜ್ಜಾ ಇನ್ನೂ ಇವೆಯೇ? (ಪಿಲ್ಲರನ್ನು ಪರದೆಯ ಹಿಂದೆ ಅಡಗಿಸುವುದು ಇದರ ಪ್ರೀತಿಯ ಚಾಳಿ.) ಸೀಲಿಂಗಿನ ಫ್ಯಾನು ಹೋಗಿ ತೂಗುದೀಪ ಬಂದಿದೆಯೇ? ಕೊನೆಯದು ನಗು ತರಿಸಿದರೂ ಫ್ಯಾನಿನ ಹುಕ್ಕು ಎಲ್ಲಿದೆ ಎಂಬುದನ್ನು ನೋಡಿ ಕೋಣೆಯ ನಡುಮಧ್ಯ ಎಲ್ಲಿ ಎಂದು ಲೆಕ್ಕಹಾಕುವ ಖರೀದಿದಾರರಿದ್ದಾರೆ. ಇನ್ನು ಚಿತ್ರದ ಅಂಚನ್ನು ಆಚೆಗೆ ಬೆಳೆಸುವ ‘ಎಕ್ಸ್‌ಪ್ಯಾಂಡ್’ ಎಂಬ ಗುಂಡಿ. ಆಕಾಶಕ್ಕೆ, ರಸ್ತೆಗೆ ಬೇಕಾದರೆ ಒತ್ತಿ. ಕೋಣೆಯೊಳಗೆ ಒತ್ತಿದರೆ ಎರಡಡಿ ಗೋಡೆ ಹೊಸದಾಗಿ ಕಟ್ಟಿಕೊಡುತ್ತದೆ. ಬಾಲ್ಕನಿಯ ಸ್ಲೈಡಿಂಗ್ ಬಾಗಿಲನ್ನೇ ಅಳಿಸಿ ಹಾಲ್ ಉದ್ದಮಾಡಿದ್ದನ್ನೂ ಕಂಡಿದ್ದೇವೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆಯ ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ನೆಲ) ಲೆಕ್ಕದಲ್ಲಿ ಬಾಲ್ಕನಿ ಸೇರುವುದಿಲ್ಲ, ಎಐ ಲೆಕ್ಕದಲ್ಲಿ ಸೇರಿತು.

ಹೊರನೋಟದ ಚಿತ್ರಕ್ಕೆ ಆಕಾಶ ಬದಲಿಸುವುದು ಹಳೆಯ ಆಟ, ಈಗ ಒಂದು ಗುಂಡಿ. ತೆಂಗಿನ ಗರಿಗಳ ನಡುವೆ ಹಳೆ ಆಕಾಶದ ಬೂದು ಉಳಿದುಕೊಳ್ಳುತ್ತದೆ, ಕೇಬಲ್ ಟಿವಿಯ ವೈರು ಅರ್ಧ ದಾರಿಯಲ್ಲಿ ಗಾಳಿಯಲ್ಲಿ ನಿಲ್ಲುತ್ತದೆ, ಅದನ್ನು ಬಿಡಿ. ಹಗಲನ್ನು ಮುಸ್ಸಂಜೆ ಮಾಡುವ ಗುಂಡಿಯಲ್ಲಿ ಒಂದು ಗುಂಡಿಯೇ ಇದೆ, ಬೀಳುವ ಗುಂಡಿ. ಯಂತ್ರ ಯಾವಾಗಲೂ ಮನೆಯ ಹಿಂದೆ ಕೆಂಪು ಸೂರ್ಯಾಸ್ತ ಬರೆಯುತ್ತದೆ. ಪಶ್ಚಿಮಕ್ಕೆ ಮುಖಮಾಡಿದ ಮನೆಯ ಮುಂಭಾಗ ತೆಗೆಯುವಾಗ ಕ್ಯಾಮೆರಾ ನೋಡುವುದು ಪೂರ್ವಕ್ಕೆ. ಅಲ್ಲಿ ಸೂರ್ಯ ಮುಳುಗಲು ಸಾಧ್ಯವೇ? ವಾಸ್ತು ನೋಡುವವರು ಇದನ್ನು ಒಂದೇ ನೋಟದಲ್ಲಿ ಹಿಡಿಯುತ್ತಾರೆ. ‘ಜಾಹೀರಾತಿನಲ್ಲಿ ಪಶ್ಚಿಮದ ಬಾಗಿಲು ಅಂದಿದೀರ, ಫೋಟೊದಲ್ಲಿ ಪೂರ್ವ ಕಾಣ್ತಿದೆಯಲ್ಲ’ ಎಂದು ಫೋನು ಬರುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಮೇಲೆ ಒಳ್ಳೆಯ ನೀಲಿ ಬೆಳಕು ಸಿಗುವುದು ಇಪ್ಪತ್ತು ನಿಮಿಷ ಅಷ್ಟೆ. ಬಂಗಲೆಯಂಥ ದೊಡ್ಡ ಕೆಲಸಕ್ಕೆ ಈಗಲೂ ಆ ಇಪ್ಪತ್ತು ನಿಮಿಷಕ್ಕೆ ಕಾದು ನಿಜದ್ದನ್ನೇ ತೆಗೆಯುತ್ತೇವೆ.

ಈಗ ನಿಜವಾದ ಜಗಳದ ಜಾಗ. ‘ಸಾರ್, ಬಾಲ್ಕನಿಯಿಂದ ಆ ಟಿಸಿ ಕಾಣುತ್ತೆ, ಒಂಚೂರು ತೆಗೆದ್ಬಿಡಿ, ನಿಮಗೇನು, ಎಐ ಇದೆಯಲ್ಲ.’ ಟಿಸಿ ಎಂದರೆ ಬೀದಿಯ ಕರೆಂಟಿನ ಟ್ರಾನ್ಸ್‌ಫಾರ್ಮರ್. ಹಿಂದೆ ಇದಕ್ಕೆ ‘ತುಂಬಾ ಕೆಲಸ ಆಗುತ್ತೆ ಸಾರ್’ ಎಂಬ ಒಂದು ಮಾತು ಸಾಕಿತ್ತು, ಕಷ್ಟವೇ ನಮ್ಮ ನೀತಿಯನ್ನು ಕಾಯುತ್ತಿತ್ತು. ಈಗ ಕೆಲಸ ಐದು ಸೆಕೆಂಡಿನದು, ಬೇಡ ಎನ್ನಲು ಬೇರೆ ಕಾರಣ ಬೇಕು. ನಾವು ಹಾಕಿಕೊಂಡ ಗೆರೆ ಹೀಗಿದೆ: ಬೆಳಕು, ಬಣ್ಣ, ಗೆರೆ ನೆಟ್ಟಗಾಗಿಸುವುದು ಕೇಳದೆಯೇ ಮಾಡುತ್ತೇವೆ. ಮನೆ ಬಿಟ್ಟು ಹೋಗುವಾಗ ಜೊತೆಗೆ ಹೋಗುವ ವಸ್ತುವನ್ನು, ಅಂದರೆ ಬಕೆಟ್, ಚಪ್ಪಲಿ, ನಿಂತ ಸ್ಕೂಟರನ್ನು ಅಳಿಸುತ್ತೇವೆ. ಮನೆಯೊಂದಿಗೆ ಉಳಿಯುವುದನ್ನು, ಅಂದರೆ ಬಿರುಕು, ತೇವ, ಪಿಲ್ಲರು, ಟಿಸಿ, ಹೈಟೆನ್ಷನ್ ತಂತಿ, ಪಕ್ಕದ ಕಟ್ಟಡವನ್ನು ಮುಟ್ಟುವುದಿಲ್ಲ.

ಕಾನೂನೂ ಹೆಚ್ಚುಕಡಿಮೆ ಇದೇ ಗೆರೆಯ ಕಡೆ ಬರುತ್ತಿದೆ. ಕ್ಯಾಲಿಫೋರ್ನಿಯಾದ ಎಬಿ 723 ಎಂಬ ಕಾಯಿದೆ 2026ರ ಜನವರಿ 1ರಿಂದ ಜಾರಿಯಲ್ಲಿದೆ. ಮನೆ ಮಾರಾಟದ ಜಾಹೀರಾತಿನ ಚಿತ್ರದಲ್ಲಿ ಪೀಠೋಪಕರಣ, ನೆಲ, ಗೋಡೆ, ಬಣ್ಣ, ಗಿಡಮರ, ಕಿಟಕಿಯ ನೋಟ, ಕರೆಂಟು ಕಂಬ ಇಂಥವನ್ನು ಸೇರಿಸಿದ್ದರೆ, ತೆಗೆದಿದ್ದರೆ, ಬದಲಿಸಿದ್ದರೆ ಅದನ್ನು ಅಲ್ಲೇ ಹೇಳಬೇಕು, ತಿದ್ದದ ಮೂಲ ಚಿತ್ರವನ್ನು ಕೊಂಡಿಯ ಮೂಲಕವೋ ಕ್ಯೂಆರ್ ಕೋಡ್ ಮೂಲಕವೋ ನೋಡಸಿಗುವಂತೆ ಮಾಡಬೇಕು. ಬೆಳಕು, ಬಣ್ಣ, ಕತ್ತರಿಸುವಿಕೆಯಂಥ ಮಾಮೂಲಿ ತಿದ್ದುಪಡಿಗೆ ವಿನಾಯಿತಿ. ಅಲ್ಲಿನ ಮನೆಗಳ ಫೋಟೊಗಳನ್ನು ಇಲ್ಲಿ ಕೂತು ತಿದ್ದುವವರಿಗೆ ಇದು ದೂರದ ಸುದ್ದಿಯಲ್ಲ. ನಮ್ಮಲ್ಲಿ 2016ರ ರೇರಾ ಕಾಯಿದೆಯ 12ನೇ ಕಲಂ ಇದೆ: ಬಿಲ್ಡರನ ಜಾಹೀರಾತನ್ನೋ ಮಾದರಿ ಫ್ಲ್ಯಾಟನ್ನೋ ನಂಬಿ ಮುಂಗಡ ಕೊಟ್ಟವರಿಗೆ ಅದರಲ್ಲಿನ ಸುಳ್ಳಿನಿಂದ ನಷ್ಟವಾದರೆ ಪರಿಹಾರ ಕೊಡಬೇಕು, ಬೇಡವೆಂದು ಹಿಂದೆ ಸರಿದರೆ ಬಡ್ಡಿಸಹಿತ ಹಣ ವಾಪಸು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ‘ಟಿಸಿ ತೆಗೆದ್ಬಿಡಿ’ ಎಂದವರಿಗೆ ಈ ಮಾತು ಹೇಳಿದರೆ ಬಹುಪಾಲು ಜನ ಸುಮ್ಮನಾಗುತ್ತಾರೆ.

ಪೀಠೋಪಕರಣ ಕೂರಿಸಿದ ಚಿತ್ರದ ಮೇಲೆಯೇ, ಕೆಳಗಿನ ಎಡಮೂಲೆಯಲ್ಲಿ, ‘ಪೀಠೋಪಕರಣ ಚಿತ್ರದಲ್ಲಿ ಮಾತ್ರ, ಕೋಣೆ ಖಾಲಿ ಇದೆ’ ಎಂದು ಬರೆಯುತ್ತೇವೆ, ಅದರ ಪಕ್ಕದಲ್ಲೇ ಖಾಲಿ ಕೋಣೆಯ ಫೋಟೊ ಕೊಡುತ್ತೇವೆ. ಫೈಲಿನೊಳಗೆ ಅಡಗಿಸಿಡುವ ಗುರುತುಗಳೂ ಇವೆ. ಕಂಟೆಂಟ್ ಕ್ರೆಡೆನ್ಷಿಯಲ್ಸ್ ಎಂಬ ವ್ಯವಸ್ಥೆ ಚಿತ್ರ ಎಲ್ಲಿ ಹುಟ್ಟಿತು, ಯಾವುದರಿಂದ ತಿದ್ದಿದ್ದು ಎಂದು ಬರೆದಿಡುತ್ತದೆ. 2023ರಲ್ಲಿ ಬಂದ ಲೈಕಾ ಎಂ11-ಪಿ ಕ್ಯಾಮೆರಾದಲ್ಲೇ ಅದು ಸೇರಿಕೊಂಡಿದೆ. ಆದರೆ ನಮ್ಮಲ್ಲಿ ಮನೆಯ ಫೋಟೊ ಓಡಾಡುವುದು ವಾಟ್ಸ್‌ಆ್ಯಪ್‌ನಲ್ಲಿ. ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗಿನ ಗುರುತೆಲ್ಲ ಉದುರುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ; ಮುಂದಿನವರು ಹಾಗೆ ಕಳಿಸುತ್ತಾರೆಂಬ ಭರವಸೆ ಇಲ್ಲ. ಹಾಗಾಗಿ ಕಣ್ಣಿಗೆ ಕಾಣುವ ಅಕ್ಷರವೇ ಗಟ್ಟಿ.

ಕೊಟ್ಟ ಮೇಲೂ ಕಥೆ ಮುಗಿಯುವುದಿಲ್ಲ. ನಮ್ಮ ಚಿತ್ರವನ್ನು ಬ್ರೋಕರು ಫೋನಿನ ಆ್ಯಪಿಗೆ ಹಾಕಿ ಮೂಲೆಯ ಬರಹವನ್ನೂ ಅಳಿಸಿ ಹಂಚಬಹುದು. ನಮ್ಮ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ಫೋಟೊ ತೆಗೆಸಿದವರೇ ಅದರ ಮೊದಲ ಒಡೆಯರು. ಅಂದರೆ ಬರೆದುಕೊಳ್ಳದಿದ್ದರೆ ಕೇಳುವುದೂ ಕಷ್ಟ. ಅದಕ್ಕೆ ಕೊಟೇಷನ್ನಿನಲ್ಲೇ ಎರಡು ಸಾಲು ಸೇರಿಸಿದ್ದೇವೆ: ತಿದ್ದಿದ ಚಿತ್ರದ ಮೇಲಿನ ಸೂಚನೆ ತೆಗೆಯುವಂತಿಲ್ಲ, ಕೊಟ್ಟ ನಂತರ ಬದಲಿಸಿದ ಚಿತ್ರಕ್ಕೆ ಫೋಟೊಗ್ರಾಫರ್ ಹೊಣೆಯಲ್ಲ.

ದುಡ್ಡಿನ ಮಾತು. ಒಂದು ಬೆಡ್‌ರೂಮಿನ ಬಾಡಿಗೆ ಮನೆಯ ಫೋಟೊ ಕೆಲಸ ಹೋಗಿಯೇಬಿಟ್ಟಿದೆ. ಮನೆಯ ಯಜಮಾನರ ಫೋನು, ಒಂದು ಆ್ಯಪು, ಮುಗಿಯಿತು. ಅದು ವಾಪಸು ಬರುವುದಿಲ್ಲ, ಬರಬೇಕೆಂದು ಕೂಗಾಡುವುದರಲ್ಲೂ ಅರ್ಥವಿಲ್ಲ. ಹೆಚ್ಚು ಪೆಟ್ಟು ತಿಂದವರು ಕ್ಯಾಮೆರಾ ಹಿಡಿದವರಲ್ಲ, ಹಿಂದೆ ಕೂತು ತಿದ್ದುವವರು. ಅಮೆರಿಕದ ಸಂಜೆ ನಮ್ಮ ಬೆಳಗು. ಅಲ್ಲಿ ತೆಗೆದದ್ದನ್ನು ಇಲ್ಲಿ ಹಗಲು ತಿದ್ದಿ ಅವರು ಏಳುವ ಹೊತ್ತಿಗೆ ಕೊಡುವ ಕೆಲಸದಿಂದ ಎಷ್ಟೋ ಹುಡುಗರು ಫೋಟೊಶಾಪ್ ಕಲಿತರು, ಅವರಲ್ಲಿ ಕೆಲವರು ಆಮೇಲೆ ಕ್ಯಾಮೆರಾ ಹಿಡಿದರು. ಈಗ ಅವರಲ್ಲಿ ಉಳಿದವರ ಕೆಲಸ ಎಐ ಕೊಟ್ಟದ್ದನ್ನು ಪರೀಕ್ಷಿಸುವುದು. ಸರಳು ಎಣಿಸಲು, ತೇವ ಗುರುತಿಸಲು ಮುಂಚೆ ನೂರಾರು ಕಿಟಕಿಗೆ ಕೈಯಲ್ಲಿ ಮಾಸ್ಕ್ ಬಳಿದಿರಬೇಕು. ಆ ಕಲಿಕೆಯ ಕೆಲಸವೇ ಹೋದ ಮೇಲೆ ಹೊಸಬರು ಕಣ್ಣು ಪಳಗಿಸಿಕೊಳ್ಳುವುದು ಎಲ್ಲಿ ಎಂಬುದಕ್ಕೆ ನಮ್ಮ ಬಳಿ ಉತ್ತರವಿಲ್ಲ.

ನಮ್ಮ ಬಿಲ್ಲಿನಲ್ಲಿ ಈಗ ಸಾಲುಗಳು ಬೇರೆ: ಸ್ಥಳದಲ್ಲಿ ಮೂರು ಗಂಟೆ, ಪರೀಕ್ಷೆ ಒಂದೂವರೆ ಗಂಟೆ, ರಾ ಫೈಲು ಮತ್ತು ಸಾಕ್ಷಿ ಫ್ರೇಮುಗಳನ್ನು ಮೂರು ವರ್ಷ ಎರಡು ಡಿಸ್ಕಿನಲ್ಲಿ ಕಾಯ್ದಿಡುವುದು. ‘ಕಾಯ್ದಿಡೋದಕ್ಕೂ ದುಡ್ಡಾ?’ ಎಂದು ಚೌಕಾಸಿ ಮಾಡುವವರು ಇದ್ದಾರೆ. ಕೊಡುವವರೂ ಹೆಚ್ಚುತ್ತಿದ್ದಾರೆ, ಅವರಲ್ಲಿ ಬಹುತೇಕರು ಒಮ್ಮೆ ಯಾರಿಂದಲೋ ಬೈಸಿಕೊಂಡವರು.

ಆ ಟಿಸಿ ಏನಾಯಿತು ಎಂದರೆ, ಹಾಲ್‌ನ ಮುಖ್ಯ ಚಿತ್ರಕ್ಕೆ ಟ್ರೈಪಾಡನ್ನು ಒಂದಡಿ ಎಡಕ್ಕೆ ಸರಿಸಿದೆವು; ಬಾಲ್ಕನಿಯ ಪರದೆ ಅದನ್ನು ಮರೆಮಾಡಿತು. ಕ್ಯಾಮೆರಾ ಸರಿಸಿ ಮರೆಮಾಡುವುದು ಹಾಗಾದರೆ ಮೋಸವಲ್ಲವೇ ಎಂದು ಕೇಳಬಹುದು. ಈ ಕಸುಬು ಹುಟ್ಟಿದಾಗಿನಿಂದ ಅದನ್ನು ಮಾಡಿದ್ದೇವೆ, ಅದರ ಬಗ್ಗೆ ನಮ್ಮಲ್ಲೇ ಒಮ್ಮತವಿಲ್ಲ. ಒಪ್ಪಿಕೊಂಡ ನಿಯಮ ಇಷ್ಟು: ಒಂದು ಚಿತ್ರದಲ್ಲಿ ಮರೆಯಾದದ್ದು ಅದೇ ಕಂತೆಯ ಇನ್ನೊಂದರಲ್ಲಿ ಕಾಣಬೇಕು. 30ರಲ್ಲಿ 27ನೆಯದು ಬಾಲ್ಕನಿಯ ಹೊರನೋಟ. ತೆಂಗಿನ ಮರ ಇದೆ, ಎದುರುಮನೆಯ ಸಿಂಟೆಕ್ಸ್ ಟ್ಯಾಂಕು ಇದೆ, ಎರಡು ಕಂಬದ ನಡುವೆ ಟಿಸಿ ಇದೆ.